ಕಾಕಾನ ಕ್ಯಾ ಬಾತ್ ಹೈ

ನಿನ್ನೆ ಸೋಮವಾರದ ಭಜನೆ ಮುಗಿಸಿ ಬಂದೆ. ಸಿಟ್ಟು ಇನ್ನೂ ಇಳಿದಿಲ್ಲ. ಶ್ರಾವಣ ಬಂತೆಂದರೆ ಕಲಬುರಗಿಯಲ್ಲಿ ಓಣಿಗೊಂದು ಭಜನೆ ಇರುತ್ತದೆ, ನಿಮಗೆ ಗೊತ್ತಿದ್ದದ್ದೇ. ನಮ್ಮ ಕಾಲೊನಿಯ ಗುಡಿಯಲ್ಲಿ ಹಾರ್ಮೋನಿಯಂ, ಅಂದರೆ ನಮ್ಮ ಕಡೆಯ ಪೇಟಿ, ಬಾರಿಸುವವನು ನಾನು. ಬೇರೆ ಯಾರೂ ಸಿಗಲಿಲ್ಲ ಅನ್ನುವುದೇ ನನ್ನ ಅರ್ಹತೆ.

ಒಬ್ಬನೇ ಕೂತು ರಿಯಾಜ್, ಅಂದರೆ ಅಭ್ಯಾಸ, ಮಾಡುವುದು ನನ್ನಿಂದ ಆಗದ ಮಾತು. ಸ್ವರಗಳನ್ನು ತಿರುಗಿಸಿ ಮುರುಗಿಸಿ ಬಾರಿಸುವ ಪಲ್ಟಾ ಶುರು ಮಾಡಿದ ಐದು ನಿಮಿಷಕ್ಕೆ ನಳಕ್ಕೆ ನೀರು ಬಂತಾ, ಕರೆಂಟ್ ಬಿಲ್ ಕಟ್ಟಿದೆನಾ ಅಂತ ನೆನಪಾಗುತ್ತದೆ. ಅದೇ ಸೋಮವಾರ ಜನರೆದುರು ಬಾರಿಸಬೇಕು ಅಂದರೆ ಶುಕ್ರವಾರದಿಂದಲೇ ಕೈ ತಾನಾಗಿ ಪೇಟಿ ಕಡೆ ಹೋಗುತ್ತದೆ. ಗುರುಗಳ ಬೈಗುಳಕ್ಕೆ ಆಗದ ಕೆಲಸ ಮರ್ಯಾದೆ ಭಯಕ್ಕೆ ಆಗುತ್ತದೆ. ಹಾಗಾಗಿ ನನಗೆ ಕೇಳುವವರು ಬೇಕು. ಸಿಕ್ಕಿರುವವರು ನಮ್ಮ ಕಾಕಾ.

ಮನೆಗೆ ಯಾರೇ ಬರಲಿ, ಚಹಾ ಬರುವ ಮೊದಲೇ ಕಾಕಾ "ತಮ್ಮಾ, ಪೇಟಿ ತಗಿ, ಸಾಹೇಬ್ರಿಗಿ ಒಂದ್ ಕೇಳಸು" ಅನ್ನುತ್ತಾರೆ. ಸಾಹೇಬರು ಗ್ಯಾಸ್ ಸಿಲಿಂಡರ್ ಇಳಿಸಲು ಬಂದ ಹುಡುಗನಾದರೂ ಸರಿ. ನಾನು ಪೇಟಿ ತಂದಿಟ್ಟು, ಗಾಳಿ ಹಾಕುವ ಭಾತೆಯ ಕೊಕ್ಕೆ ಬಿಚ್ಚುತ್ತೇನೆ. "ಕ್ಯಾ ಬಾತ್ ಹೈ!" ಇನ್ನೂ ಒಂದು ಸ್ವರವೂ ಹೊರಟಿರುವುದಿಲ್ಲ. ಆಲಾಪ ಶುರುವಾದ ಕೂಡಲೇ ಕಾಕಾ ಬಂದವರ ಕಡೆ ತಿರುಗಿ, "ಮತ್ತ, ತೊಗರಿ ಏನ್ ರೇಟ್ ನಡದದ?" ಅನ್ನುತ್ತಾರೆ. ಆಮೇಲೆ ಕ್ವಿಂಟಲ್ ಲೆಕ್ಕ, ಮಳೆ ಲೆಕ್ಕ, ನೆಟೆ ರೋಗದ ಲೆಕ್ಕ. ನಾನು ಜೋರಾಗಿ ಬಾರಿಸಿದರೆ ಅವರೂ ದನಿ ಏರಿಸುತ್ತಾರೆ. ಮಧ್ಯೆ ನನ್ನ ಬೆರಳು ಜಾರಿ ಅಪಸ್ವರ ಬಂತೋ, ಸರಿಯಾಗಿ ಅದೇ ಹೊತ್ತಿಗೆ ಕೈ ಎತ್ತಿ "ಕ್ಯಾ ಬಾತ್ ಹೈ!" ಚೆನ್ನಾಗಿ ಬಂದ ಜಾಗಕ್ಕೆ ಅದು ಇಂದಿನವರೆಗೂ ಬಿದ್ದಿಲ್ಲ. ಇಷ್ಟು ಕರಾರುವಾಕ್ಕಾಗಿ ಗುರಿ ತಪ್ಪಬೇಕಾದರೆ ಅದಕ್ಕೂ ರಿಯಾಜ್ ಬೇಕು, ಅಲ್ವಾ?

ರೋಸಿ ನಿಲ್ಲಿಸಿದರೆ ಮಾತ್ರ ತಕ್ಷಣ ಗೊತ್ತಾಗುತ್ತದೆ. "ಯಾಕ್ ನಿಲ್ಲಸ್ದಿ? ನಾವ್ ಕೇಳ್ಲತ್ತೀವಲ್ಲ!"

1940ರಲ್ಲಿ ಆಕಾಶವಾಣಿಯವರು ಹಾರ್ಮೋನಿಯಂ ಅನ್ನು ರೇಡಿಯೊದಿಂದಲೇ ಹೊರಗಿಟ್ಟಿದ್ದರು. ಸ್ವರದಿಂದ ಸ್ವರಕ್ಕೆ ಜಾರುವ ಮೀಂಡ್ ಇದರಲ್ಲಿ ಬರಲ್ಲ ಅನ್ನುವುದು ಒಂದು ದೂರು. ಮನಸ್ಸು ಕರಗಿದ್ದು 1971ರಲ್ಲಿ. ಮಗಳು ಇದನ್ನು ಓದಿ ಹೇಳಿದಾಗ ನನ್ನವಳು, "ಮನಿಯಾಗೂ ಒಂದ್ ಮೂವತ್ತ್ ವರ್ಷ ಹಂಗೇ ಮಾಡಿದ್ರ ಛಲೋ ಇತ್ತು" ಅಂದಳು.

ಇರಲಿ, ನಿನ್ನೆಯ ಮಾತಿಗೆ ಬರುತ್ತೇನೆ. ಭೂಪಾಲಿ ರಾಗದಲ್ಲಿ ಒಂದು ಧುನ್ ಬಾರಿಸೋಣ ಅಂತ ವಾರವೆಲ್ಲ ಕೂತಿದ್ದೆ. ಭೂಪಾಲಿಗೆ ಐದೇ ಸ್ವರ. ಮ ಇಲ್ಲ, ನಿ ಇಲ್ಲ. ನನ್ನ ಸಾ ಕರಿ ಒಂದು, ಅಂದರೆ ಪೇಟಿಯ ಮೊದಲನೇ ಕಪ್ಪು ಮನೆ; ಹಾಗಾಗಿ ಮ ಬರುವುದು ಕರಿ ಮೂರಕ್ಕೆ. ಅದನ್ನು ಅಪ್ಪಿತಪ್ಪಿಯೂ ಮುಟ್ಟಬಾರದು. ಆದರೆ ಬೇಸಿಗೆಯ 42 ಡಿಗ್ರಿಯಲ್ಲಿ ಒಣಗಿ ಸೀಳು ಬಿಡುವ ಪೇಟಿಯ ಕಟ್ಟಿಗೆ ಶ್ರಾವಣದ ತೇವಕ್ಕೆ ಉಬ್ಬುತ್ತದೆ. ಹಿಂದಿನ ತತ್ವಪದದಲ್ಲಿ ಒತ್ತಿದ ಕರಿ ಮೂರು ಒಳಗೇ ಕೂತುಬಿಟ್ಟಿತ್ತು. ಗಾಳಿ ಹಾಕಿದರೆ ಸಾಕು, "ಮಾ..." ಉಗುರಿನಿಂದ ಎತ್ತಿದೆ. ಮೇಲೆ ಬಂತು. ಸರಿಯಾಯಿತು ಅಂತ ಭಾತೆ ಎಳೆದರೆ ಮತ್ತೆ "ಮಾ..." ತಬಲಾದವನು ತನ್ನ ಸುತ್ತಿಗೆ ಹಿಡಿದು ಸಹಾಯಕ್ಕೆ ಬಂದ. ಎರಡು ಸಲ ಕುಟ್ಟಿದ. "ಮಾ..." ಮುಂದೆ ಕೂತಿದ್ದ ಹೆಣ್ಣುಮಕ್ಕಳು ಇದು ಯಾವುದೋ ಹೊಸ ದೇವಿ ಪದ ಅಂದುಕೊಂಡು ತಾಳ ಹಾಕತೊಡಗಿದರು.

ಕಾಕಾ? ಕಣ್ಣು ಮುಚ್ಚಿ ಕೂತಿದ್ದರು. ತೊಗರಿ ಇಲ್ಲ, ಮಳೆ ಇಲ್ಲ. ತಲೆ ಮೆಲ್ಲಗೆ ಆಡುತ್ತಿತ್ತು. "ಕ್ಯಾ ಬಾತ್ ಹೈ! ಇವತ್ತ್ ಭಾಳ್ ಕಡಕ್ ಹಚ್ಚಿದಿ ನೋಡ್ ತಮ್ಮಾ!"

ಮೊದಲು ಎದುರುಮನೆಯಲ್ಲಿ ಒಬ್ಬ ಅಜ್ಜಿ ಇದ್ದರು. ಸಂಜೆ ಕರೆಂಟ್ ಹೋದರೆ ಕಟ್ಟೆ ಮೇಲೆ ಬಂದು ಕೂರುತ್ತಿದ್ದರು. ಒಮ್ಮೆಯೂ ಹೊಗಳಿದವರಲ್ಲ. ಬಾರಿಸದ ದಿನ ಮಾತ್ರ, ಮರುದಿನ ಹಾಲು ತರುವಾಗ ತಡೆದು, "ನಿನ್ನಿ ಯಾಕ ಬಾರಸಲಿಲ್ಲ?" ಅನ್ನುತ್ತಿದ್ದರು. ಆ ಪ್ರಶ್ನೆಗೆ ಹೆದರಿ ದಿನಾ ಕೂರುತ್ತಿದ್ದೆ. ನನಗೆ ಬರುವ ಅಷ್ಟಿಷ್ಟು ಬಂದಿದ್ದು ಆಗಲೇ. ಈಗ ಮಗನ ಮನೆಗೆ ಹೈದರಾಬಾದಿಗೆ ಹೋಗಿದ್ದಾರೆ. ಅಲ್ಲಿ ಕಟ್ಟೆ ಇಲ್ಲವಂತೆ, ಬಾಲ್ಕನಿಯಂತೆ.

ಇವತ್ತು ಬೆಳಿಗ್ಗೆ ಪೇಟಿಯನ್ನು ರಿಪೇರಿಗೆ ಒಯ್ಯಲು ಬಟ್ಟೆ ಸುತ್ತುತ್ತಿದ್ದೆ. ಕಾಕಾ ಬಂದರು.

"ಎಲ್ಲಿಗಿ ಒಯ್ಲತ್ತಿ? ಮುಂದಿನ ಸೋಮವಾರ ನಮ್ಮ ದೋಸ್ತ್ ಬರ್ತಾನ. ನಿನ್ನಿ ಬಾರ್ಸಿದ್ದೇ ಬಾರಸಬೇಕು ಅಂತ ಹೇಳಿಬಿಟ್ಟೀನಿ. ಅಲ್ಲಿತನಾ ಪೇಟಿಗಿ ಕೈ ಹಚ್ಚಬ್ಯಾಡ."

ಬರುವವರು ಗಂಜಿನಲ್ಲಿ, ಅಂದರೆ ಕಾಳುಕಡಿಯ ಮಾರುಕಟ್ಟೆಯಲ್ಲಿ, ಅಡತಿ (ದಲ್ಲಾಳಿ) ಅಂಗಡಿ ಇಟ್ಟವರು. ತೊಗರಿ ರೇಟು ಈ ಸಲ ಪಕ್ಕಾ ಗೊತ್ತಾಗುತ್ತದೆ.