ಭಿಡೆಯ ಬಾಡಿಗೆ

ಆ ಗೀರು ಎಷ್ಟು ಉದ್ದ ಇತ್ತು ಅಂತ ಈಗಲೂ ಕರಾರುವಾಕ್ಕಾಗಿ ಹೇಳಬಲ್ಲೆ. ಒಂದು ಜವಾರಿ ಹಸಿಮೆಣಸಿನಕಾಯಿಯಷ್ಟು. ಬಾಡಿಗೆ ಕಾರಿನ ಮುಂದಿನ ಬಂಪರಿನ ಎಡಮೂಲೆಯಲ್ಲಿ, ಕೆಳಗೆ, ಬಗ್ಗಿ ನೋಡಿದರಷ್ಟೇ ಕಾಣುವ ಜಾಗದಲ್ಲಿತ್ತು. ಅದಕ್ಕೆ ನಾನು ತೆತ್ತದ್ದು 6,500 ರೂಪಾಯಿ. ಆ ದುಡ್ಡಿಗೆ ವಿಜಯಪುರದ ಸಂತೆಯಲ್ಲಿ ಎಷ್ಟು ಚೀಲ ಮೆಣಸಿನಕಾಯಿ ಬರುತ್ತಿತ್ತು ಎಂದು ನಮ್ಮಾಕೆ ಲೆಕ್ಕ ಹಾಕಿ ಹೇಳಿದ್ದಾಳೆ. ಒಂದೇ ಸಲ ಹೇಳಿ ಬಿಟ್ಟಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ. ಗೋಳಗುಮ್ಮಟದಲ್ಲಿ ಒಮ್ಮೆ ಚಪ್ಪಾಳೆ ಹೊಡೆದರೆ ಏಳು ಸಲ ಕೇಳುತ್ತದಂತೆ. ನಮ್ಮ ಮನೆಯಲ್ಲಿ ಆ 6,500 ಏಳು ತಿಂಗಳು ಕೇಳಿಸಿತು.

ಆದದ್ದಿಷ್ಟು. ಬನದ ಹುಣ್ಣಿಮೆ ಹತ್ತಿರ ಬಂದಿತ್ತು. ಅತ್ತೆಯವರಿಗೆ ಬಾದಾಮಿ ಬನಶಂಕರಿಯ ಹರಕೆ. ಜಾತ್ರೆ ಬಸ್ಸಿನಲ್ಲಿ ಅವರನ್ನು ಹತ್ತಿಸುವುದೂ ಒಂದೇ, ನಾನು ತೇರು ಎಳೆಯುವುದೂ ಒಂದೇ. ಒಂದು ಕಾರು ಬಾಡಿಗೆಗೆ ತಗೊಂಡು ನಾನೇ ಓಡಿಸುವುದು ಅಂತಾಯಿತು. ಸ್ನೇಹಿತರ ಸ್ನೇಹಿತರೊಬ್ಬರು ಒಬ್ಬನ ಹೆಸರು ಹೇಳಿದರು. "ನಮ್ಮವನ ಅದಾನ, ನನ್ನ ಹೆಸರ ಹೇಳ್ರಿ ಸಾಕು" ಎಂದರು. ನಾನು ಹಾಳಾದದ್ದು ಅಲ್ಲೇ.

ಈ ಕಡೆಯವರಲ್ಲದ ಓದುಗರಿಗೆ ಭಿಡೆ ಅಂದರೆ ಏನು ಅಂತ ಹೇಳಬೇಕು. ದಾಕ್ಷಿಣ್ಯ ಅನ್ನಬಹುದು, ಸಂಕೋಚ ಅನ್ನಬಹುದು, ಎರಡೂ ಅದಕ್ಕೆ ಪೂರ್ತಿ ಹೊಂದುವುದಿಲ್ಲ. ಹೊಟ್ಟೆ ಬಿರಿಯುವಂತಿದ್ದರೂ "ಇನ್ನೊಂದ್ ಹಾಕಿಸ್ಕೋರಿ" ಅಂದಾಗ ಮೂರನೇ ಹೋಳಿಗೆಗೆ ಎಲೆ ಬಿಟ್ಟುಕೊಡುತ್ತೇವಲ್ಲ, ಅದು ಭಿಡೆ. ನನಗದು ರಕ್ತದಲ್ಲೇ ಇದೆ. ಸಕ್ಕರೆ ಕಾಯಿಲೆಯ ಹಾಗೆ, ತಂದೆಯ ಕಡೆಯಿಂದ ಬಂದದ್ದು.

ಬೆಳಗಿನ ಐದೂವರೆಗೆ ಅವನ ಅಂಗಳಕ್ಕೆ ಹೋದೆ. ಕತ್ತಲೆ. ಚಳಿ. ಕಾರಿನ ಮೇಲೆ ಎರಿಮಣ್ಣಿನ ಧೂಳು ಒಂದು ಪದರ. ಹೋದ ಕೂಡಲೇ ಕೈಗೆ ಚಹಾ ಬಂತು, ಯಾಲಕ್ಕಿ ಹಾಕಿದ್ದು. "ಗಾಡಿ ಹೂವಿನಂಗ ಐತ್ರಿ ಸರ, ನೋಡೂದೇನ ಬ್ಯಾಡ, ಎಬ್ಬಸ್ಕೊಂಡ ಹೋಗ್ರಿ" ಎಂದ. ಚಹಾ ಕುಡಿದು, ಅವನ ಎದುರಿಗೇ ಅವನ ಗಾಡಿಯ ಬಂಪರ್ ತಡವಿ ನೋಡುವುದೆಂದರೆ ಬೀಗರ ಮನೆಯಲ್ಲಿ ಊಟಕ್ಕೆ ಕೂತು "ಗಂಗಾಳ ತೊಳದೀರಿಲ್ಲೋ?" ಎಂದು ಕೇಳಿದ ಹಾಗೆ. ನೋಡಲಿಲ್ಲ. 10,000 ಡಿಪಾಜಿಟ್ ಕೊಟ್ಟೆ. ಎರಡು ಹಾಳೆ ಇಂಗ್ಲಿಷ್ ಕಾಗದಕ್ಕೆ ಸಹಿ ಹಾಕಿದೆ. ಓದಲಿಲ್ಲ. ಓದಿದರೆ ನಂಬಿಕೆ ಇಲ್ಲ ಅಂದುಕೊಳ್ಳುತ್ತಾನೆ, ಅಲ್ವಾ?

ಹಾಗಂತ ಫೋಟೋ ತೆಗೆಯಲಿಲ್ಲ ಅಂತಲ್ಲ. ಬೆಳಕು ಹರಿದ ಮೇಲೆ ಕೊಲ್ಹಾರ ಸೇತುವೆ ಹತ್ತಿರ ನಿಲ್ಲಿಸಿ 14 ಫೋಟೋ ತೆಗೆದೆ. ಹದಿನಾಲ್ಕರಲ್ಲೂ ಕಾರಿನ ಮುಂದೆ ನಮ್ಮಾಕೆ ಮತ್ತು ಅತ್ತೆಯವರು. ಹದಿನಾಲ್ಕರಲ್ಲೂ ಎಡಗಡೆ ಬಂಪರಿನ ಮೇಲೆ ಇಳಕಲ್ ಸೀರೆಯ ಸೆರಗು. ಹಿಂದೆ ಕೃಷ್ಣೆಯ ನೀರು ಮಾತ್ರ ಬಹಳ ಚೆನ್ನಾಗಿ ಬಂದಿದೆ.

ದರ್ಶನ ಆಯಿತು, ಜಾತ್ರೆ ಆಯಿತು. ರಾತ್ರಿ ಎಂಟಕ್ಕೆ ಕಾರು ತಂದು ಬಿಟ್ಟೆ. ಬೆಳಿಗ್ಗೆ ನನಗೆ ಬರಿಗಣ್ಣಿನಿಂದಲೂ ನೋಡಬೇಡ ಅಂದಿದ್ದವನು ಈಗ ಒಳಗಿಂದ ಬ್ಯಾಟರಿ ತಂದ. ನಾಲ್ಕು ಸೆಲ್ಲಿನ ಉದ್ದ ಬ್ಯಾಟರಿ, ರಾತ್ರಿ ಹೊಲಕ್ಕೆ ನೀರು ಬಿಡಲು ಒಯ್ಯುತ್ತಾರಲ್ಲ, ಅಂಥದ್ದು. ಗಾಡಿಯ ಸುತ್ತ ನಿಧಾನಕ್ಕೆ ಒಂದು ಪ್ರದಕ್ಷಿಣೆ ಹಾಕಿದ. ಎಡಮೂಲೆಗೆ ಬಂದಾಗ ಹುಡುಕಲೇ ಇಲ್ಲ, ನೇರ ಮೊಣಕಾಲೂರಿ ಬೆರಳಿಟ್ಟ. ಕತ್ತಲಲ್ಲಿ ಮನೆಯ ಲೈಟಿನ ಸ್ವಿಚ್ಚಿಗೆ ಕೈ ಹೋಗುವ ಹಾಗೆ ಹೋಯಿತು ಆ ಬೆರಳು. ಆಮೇಲೆ "ಚ್ ಚ್ ಚ್" ಎಂದ. ಎಕ್ಸ್‌ರೇ ನೋಡುವಾಗ ಡಾಕ್ಟರು ಮಾಡುವ ಸದ್ದು.

"ಸರ, ಇದೇನ್ರಿ?"

ನಿಜ ಹೇಳಬೇಕೆಂದರೆ ಆ ಹೊತ್ತಿಗೆ ನನಗೂ ಗೊತ್ತಿರಲಿಲ್ಲ. ಕಬ್ಬಿನ ಟ್ರ್ಯಾಕ್ಟರ್ ಓವರ್‌ಟೇಕ್ ಮಾಡುವಾಗ ತಾಗಿತೋ? ಜಾತ್ರೆಯಲ್ಲಿ ಹೊಲದಾಗ ನಿಲ್ಲಿಸಿದ್ದೆನಲ್ಲ, ಚಕ್ಕಡಿ ಏನಾದರೂ ಸವರಿತೋ? ಮೊದಲೇ ನೋಡಿಕೊಳ್ಳದವನು ದೇವರ ಮುಂದೆ ನಿಂತೂ ಆಣೆ ಮಾಡಲಾರ. ಫೋಟೋ ಸಾಕ್ಷಿ ಬೇಕಾದದ್ದು ಕಾರಿನವನಿಗೆ ತೋರಿಸಲಿಕ್ಕೆ ಅಂದುಕೊಂಡಿದ್ದೆ. ಮೊದಲು ಬೇಕಾದದ್ದು ನನಗೇ.

ಬಂಪರ್ ಪೂರ್ತಿ ಪೇಂಟ್ ಆಗಬೇಕು, 4,500. ಗಾಡಿ ಎರಡು ದಿನ ಗ್ಯಾರೇಜಿನಲ್ಲಿ ನಿಲ್ಲುತ್ತದೆ, ಆ ಬಾಡಿಗೆ ಮುಳುಗಿದ್ದಕ್ಕೆ 2,000. "ನೀವು ಪರಿಚಯದವ್ರಂತ ಕಡಿಮಿ ಹೇಳೇನ್ರಿ" ಎಂದ. ನಾನು ಥ್ಯಾಂಕ್ಸ್ ಹೇಳಿದೆ. ಹೌದು, ಹೇಳಿದೆ. ಇದು ನಮ್ಮಾಕೆಗೆ ಇನ್ನೂ ಗೊತ್ತಿಲ್ಲ.

ನಮ್ಮೂರಿನ ಮಲಿಕ್-ಎ-ಮೈದಾನ ತೋಪನ್ನು 1854ರಲ್ಲಿ ಬ್ರಿಟಿಷರು ಹರಾಜಿಗೆ ಇಟ್ಟಿದ್ದರು. 55 ಟನ್ ತೂಕದ ತೋಪಿಗೆ ಬಂದ ಸವಾಲು 150 ರೂಪಾಯಿ. ಆಮೇಲೆ ಆ ಮಾರಾಟ ರದ್ದಾಯಿತು, ನಮ್ಮ ಪುಣ್ಯ. ನನ್ನ 6,500ಕ್ಕೆ ಅಂದು 43 ತೋಪು ಬಂದು ಮೇಲೆ 50 ರೂಪಾಯಿ ಚಿಲ್ಲರೆ ಉಳಿಯುತ್ತಿತ್ತು. ಇನ್ನು ಆ ಮನುಷ್ಯನ ಕೈಗೆ ಬಾರಾ ಕಮಾನ ಸಿಕ್ಕಿದ್ದರೆ, ನೋಡಲು ಬಂದವರಿಗೆಲ್ಲ ಛಾವಣಿಯ ದುಡ್ಡು ಹಾಕುತ್ತಿದ್ದ. "ಅಲ್ಲಪ್ಪಾ, ಅದು ಮೊದಲಿಂದಲೂ ಅರ್ಧಕ್ಕೇ ನಿಂತ ಗೋರಿ, 1672ರಲ್ಲಿ ತೀರಿಕೊಂಡ ಎರಡನೇ ಅಲಿ ಆದಿಲ್‌ಶಾಹನದು" ಅಂದರೆ, "ಫೋಟೋ ಐತೇನ್ರಿ?" ಅನ್ನುತ್ತಿದ್ದ.

ಒಂದು ತಿಂಗಳಾದ ಮೇಲೆ ಗಾಂಧಿ ಚೌಕದ ಹತ್ತಿರ ಅದೇ ಕಾರು ನಿಂತಿತ್ತು. ನಂಬರು ನನಗೆ ಬಾಯಿಪಾಠ. ರಸ್ತೆಯಲ್ಲೇ ಬಗ್ಗಿ ನೋಡಿದೆ. ಗೀರು ಹಾಗೇ ಇತ್ತು! ಪೇಂಟು ಇಲ್ಲ, ಪಾಲಿಷು ಇಲ್ಲ. ನನ್ನ ನಂತರ ಎಷ್ಟು ಜನ ಅದಕ್ಕೆ ದುಡ್ಡು ಕಟ್ಟಿದ್ದರೋ. ಗಾಡಿ ಪೆಟ್ರೋಲ್ ಹಾಕಿಸಿಕೊಂಡು ದುಡಿಯುತ್ತದೆ. ಆ ಗೀರು ಸುಮ್ನೆ ಕೂತಲ್ಲೇ ದುಡಿಯುವ ಮಗ. ಪಕ್ಕದ ಗ್ಯಾರೇಜಿನ ಹುಡುಗನನ್ನು ಕರೆದು ತೋರಿಸಿದೆ. "ಇದಕ್ಕ ರಬ್ಬಿಂಗ್ ಕಂಪೌಂಡ್ ಹಚ್ಚಿ ತಿಕ್ಕಿದ್ರ ಹೋಗತೈತ್ರಿ, ಚಹಾದ ರೊಕ್ಕ ಕೊಡ್ರಿ ಸಾಕು" ಎಂದ.

ಕೋರ್ಟಿನಲ್ಲಿ ವಕೀಲಿ ಮಾಡುವ ನನ್ನ ಬೆಂಚ್‌ಮೇಟ್ ಒಬ್ಬ ಇದ್ದಾನೆ. ಅವನ ಹತ್ತಿರ ಅಳಲು ತೋಡಿಕೊಂಡೆ. ಅವನು ಸಮಾಧಾನ ಹೇಳುವ ಪೈಕಿ ಅಲ್ಲ. "ನಂಬರ್ ಬೋರ್ಡ್ ಯಾವ ಬಣ್ಣದ್ದು?" ಎಂದ. ಬಿಳಿ ಅಂದೆ. ತಲೆ ಚಚ್ಚಿಕೊಂಡ. ನಾವೇ ಓಡಿಸುವ ಬಾಡಿಗೆ ಕಾರಿಗೆ ಕಪ್ಪು ಬೋರ್ಡಿನ ಮೇಲೆ ಹಳದಿ ಅಕ್ಷರ ಇರಬೇಕು. ಬಿಳಿ ಬೋರ್ಡ್ ಅಂದರೆ ಸ್ವಂತದ ಗಾಡಿ, ಅದರ ಇನ್ಶೂರೆನ್ಸೂ ಸ್ವಂತಕ್ಕೇ. ಬಾಡಿಗೆಗೆ ಬಿಟ್ಟಾಗ ದೊಡ್ಡದೇನಾದರೂ ಆದರೆ ಕಂಪನಿಯವರು ಕೈ ಎತ್ತಬಹುದು. ಗೀರಿಗೆ ಅಳುತ್ತಿದ್ದೀಯಲ್ಲ, ಗಾಡಿ ಪಲ್ಟಿ ಆಗಿದ್ದರೆ ನಿನ್ನ ಗತಿ ಏನಿತ್ತು ಎಂದ. ಕೇಂದ್ರ ಸರಕಾರದ 1989ರ ರೆಂಟ್ ಎ ಕ್ಯಾಬ್ ಯೋಜನೆಯಲ್ಲಿ ಲೈಸೆನ್ಸ್ ಸಿಗಬೇಕಾದರೆ ಕಡಿಮೆ ಅಂದರೂ 50 ಗಾಡಿ ಇರಬೇಕಂತೆ. ನಾನು ಆ ಅಂಗಳವನ್ನು ಕಣ್ಣ ಮುಂದೆ ತಂದುಕೊಂಡೆ. ಮೂರು ಕಾರು, ಒಂದು ಎಮ್ಮೆ.

"ರಿಪೇರಿ ಬಿಲ್ ಕೇಳಿದ್ಯಾ?"

"ಇಲ್ಲ."

"ಯಾಕ?"

"ಭಿಡೆ ಆತು."

ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು ಆಮೇಲೆ ಕಾನೂನು ಹೇಳಿದ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಮಿತಿಮೀರಿದ ಡಿಪಾಜಿಟ್ ಕೇಳುವುದು, ಆದ ನಷ್ಟಕ್ಕೂ ಹಾಕಿದ ದಂಡಕ್ಕೂ ತಾಳಮೇಳ ಇಲ್ಲದಿರುವುದು, ಇವನ್ನೆಲ್ಲ ಅನ್ಯಾಯದ ಕರಾರು ಅಂತಲೇ ಹೆಸರಿಸಿದ್ದಾರೆ. ನೀನು ಸಹಿ ಹಾಕಿದ್ದೀ ಅನ್ನುವುದೊಂದೇ ಅವನಿಗೆ ಆಸರೆ ಆಗಲಾರದು. 1915 ನಂಬರಿಗೆ ಫೋನ್ ಮಾಡಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯವರು ದೂರು ಬರೆದುಕೊಳ್ಳುತ್ತಾರೆ. ಅನ್ಯಾಯದ ಕರಾರು ಅಂತಲೇ ದೂರುವುದಾದರೆ ರಾಜ್ಯ ಆಯೋಗಕ್ಕೆ ಹೋಗಬೇಕು. ಸೇವೆಯಲ್ಲಿ ಕೊರತೆ ಅಂತಾದರೆ ಜಿಲ್ಲಾ ಗ್ರಾಹಕರ ಆಯೋಗಕ್ಕೂ ಹೋಗಬಹುದು, 5 ಲಕ್ಷದ ತನಕ ಫೀ ಇಲ್ಲ. "ಆದ್ರ ಅಲ್ಲಿ ಏನ್ ತೋರಸ್ತೀ? ನಿಮ್ಮತ್ತಿ ಫೋಟೋ?" ಎಂದ.

ಅಂದೇ ಗಟ್ಟಿ ಮನಸ್ಸು ಮಾಡಿದೆ. ಮುಂದಿನ ಸಲ ಕೂಡಲಸಂಗಮಕ್ಕೆ ಹೋಗುವುದಿತ್ತು. ಬೇರೆ ಕಡೆ ವಿಚಾರಿಸಿ ಕಪ್ಪು ಬೋರ್ಡಿನ ಗಾಡಿ ಹಿಡಿದೆ. ಬೆಳಿಗ್ಗೆ ಹತ್ತಕ್ಕೆ, ಬಿಸಿಲು ಬಿದ್ದ ಮೇಲೆ, ನನ್ನ ಸ್ಕೂಟರ್ ಅವರ ಅಂಗಳದಲ್ಲಿ ನಿಲ್ಲಿಸಿ ಇಳಿದೆ. ನಮ್ಮಾಕೆ ಮತ್ತು ಅತ್ತೆಯವರು ಆಟೋದಲ್ಲಿ ಬಂದರು. ಅಲ್ಲಿದ್ದ ಹುಡುಗ ಚಹಾ ತರಿಸುತ್ತೇನೆ ಅಂದ. "ನಾನು ಚಹಾ ಬಿಟ್ಟೀನ್ರಿ" ಎಂದು ಸುಳ್ಳು ಹೇಳಿದೆ. ಗಾಡಿ ತೊಳೆಸಿ ಅಂದೆ. ಒಣಗಲಿ ಅಂದೆ, ಯಾಕೆಂದರೆ ಒದ್ದೆ ಬಣ್ಣದ ಮೇಲೂ ಗೀರು ಕಾಣುವುದಿಲ್ಲ. ಆಮೇಲೆ ಮೊಬೈಲ್ ತೆಗೆದು ಒಂದೇ ಉಸಿರಿನ ವಿಡಿಯೋ ಶುರು ಮಾಡಿದೆ.

ಮೊದಲು ಕಿಲೋಮೀಟರ್, ಪೆಟ್ರೋಲಿನ ಮುಳ್ಳು. ಆಮೇಲೆ ಗಾಜು, ಬಾಗಿಲು, ಬಾಗಿಲಿನ ಅಂಚು, ಟಯರಿನ ಪಕ್ಕೆ, ವ್ಹೀಲ್ ಕ್ಯಾಪ್. ಬಂಪರಿನ ತಳ ನೋಡಲು ನೆಲದ ಮೇಲೆ ಅಂಗಾತ ಮಲಗಿದೆ. ಡಿಕ್ಕಿ ತೆಗೆಸಿ ಸ್ಟೆಪ್ನಿ, ಜಾಕು, ಪಾನಾ ಎಣಿಸಿದೆ. ಬಾಯಲ್ಲಿ ಕಾಮೆಂಟರಿ ಬೇರೆ: "ಇದು ಎಡಗಡೆ ಮುಂದಿನ ಬಾಗಿಲು, ಇಲ್ಲೊಂದು ಹುಣಸೆಬೀಜದಷ್ಟು ತಗ್ಗು." ಗೇಟಿನ ಹತ್ತಿರ ಜನ ಸೇರಿದರು. "ಏನ ಕಳದೈತ್ರಿ?" ಎಂದು ಒಬ್ಬರು ಕೇಳಿದರು. "ಆರ್‌ಟಿಒ ಸಾಹೇಬ್ರಿರಬೇಕು" ಎಂದು ಇನ್ನೊಬ್ಬರು ಪಿಸುಗುಟ್ಟಿ ಹೆಲ್ಮೆಟ್ ಹಾಕಿಕೊಂಡರು. ಮೂರು ತಗ್ಗು ಸಿಕ್ಕವು. ಮೂರನ್ನೂ ಕಾಗದದಲ್ಲಿ ಬರೆಸಿ, ಆ ಹುಡುಗನ ಸಹಿ, ನನ್ನ ಸಹಿ, ಅದರದ್ದೊಂದು ಫೋಟೋ. ಗೆದ್ದ ಮುಖ ಮಾಡಿಕೊಂಡು ಸ್ಟೇರಿಂಗ್ ಹಿಡಿದು ಕೂತೆ.

ಹೊರಡಲಿಕ್ಕೆ ಅತ್ತೆಯವರು ಬಿಡಬೇಕಲ್ಲ! ಚೀಲದಿಂದ ಟೆಂಗಿನಕಾಯಿ ಬಂತು, ನಾಲ್ಕು ನಿಂಬಿಕಾಯಿ ಬಂದವು. ಬಾಡಿಗೆ ಗಾಡಿ ಅಂದೆ. "ಗಾಡಿ ಬಾಡಗಿದು, ಜೀವ ನಮ್ಮವಲ್ಲೇನ್ರಿ ಅಳಿಯಾರ?" ಎಂದರು. ಪೂಜೆ ಮಾಡುತ್ತ ಹಿಂದೆ ಹೋದವರು ಅಲ್ಲಿಂದಲೇ ಕೂಗಿದರು: "ಅಳಿಯಾರ, ಇಲ್ಲೊಂದ್ ಗೀರೈತಿ ನೋಡ್ರಿ."

"ಇರ್ಲಿ ಬಿಡ್ರಿ ಅತ್ತಿ, ಎಲ್ಲಾ ವಿಡಿಯೋದಾಗ ಬಂದೈತಿ" ಎಂದೆ ಕೂತಲ್ಲಿಂದಲೇ. ಗಾಯಕ್ಕೆ ಅರಿಷಿಣ ಹಚ್ಚುವುದು ಅವರ ಅರವತ್ತು ವರ್ಷದ ರೂಢಿ. ಗೀರಿನ ಉದ್ದಕ್ಕೂ ಬೆರಳಿನಿಂದ ಅರಿಷಿಣ ಎಳೆದು, ಮೇಲೊಂದು ಕುಂಕುಮ ಇಟ್ಟರು. ನಮ್ಮಾಕೆ ಅದರ ಫೋಟೋ ತೆಗೆದು ಮನೆಯವರ ವಾಟ್ಸಾಪ್ ಗ್ರೂಪಿಗೆ ಹಾಕಿದಳು.

ಸಂಗಮನಾಥನ ದರ್ಶನ ಮಾಡಿ ಒಂದು ರಾತ್ರಿ ಅಲ್ಲೇ ಉಳಿದು, ಮರುದಿನ ಬಿಸಿಲು ಇರುವಾಗಲೇ ಗಾಡಿ ತಂದು ಬಿಟ್ಟೆ. ಹುಡುಗ ಸುತ್ತು ಹಾಕಿದ. ಹಿಂದಿನ ಬಂಪರ್ ಹತ್ತಿರ ನಿಂತ. "ಸರ, ಇದು ಲಿಸ್ಟಿನ್ಯಾಗ ಇಲ್ರಿ. 3,000 ಆಗತೈತಿ."

ನಾನು ನಕ್ಕೆ. ಆ ಒಂದು ನಗುವಿಗಾಗಿ ನಾನು ಏಳು ತಿಂಗಳು ಕಾದಿದ್ದೆ. ನಿಧಾನಕ್ಕೆ ಮೊಬೈಲ್ ತೆಗೆದು ವಿಡಿಯೋ ಒತ್ತಿದೆ. ಕಿಲೋಮೀಟರ್ ಬಂತು. ಪೆಟ್ರೋಲ್ ಬಂತು. ಮುಂದಿನ ಗಾಜು ಬಂತು. ಹುಣಸೆಬೀಜದ ತಗ್ಗು ಬಂತು. ಆಮೇಲೆ ನನ್ನ ಮೊಣಕಾಲು ಬಂತು, ಅಲ್ಲಿಗೆ ವಿಡಿಯೋ ನಿಂತಿತು. ಒಟ್ಟು 48 ಸೆಕೆಂಡ್. ಮೊಬೈಲಿನಲ್ಲಿ ಜಾಗ ಇರಲಿಲ್ಲ. ಜಾಗವನ್ನೆಲ್ಲ ಶುಭೋದಯದ ಗುಲಾಬಿ ಹೂಗಳು ತಿಂದಿದ್ದವು. ಉಳಿದ ಹತ್ತು ನಿಮಿಷ ನಾನು ನೆಲದ ಮೇಲೆ ಮಲಗಿ ಕಾಮೆಂಟರಿ ಕೊಟ್ಟದ್ದು ಬರೀ ಗೇಟಿನ ಜನಕ್ಕೆ.

ಕೈ ತಾನಾಗಿಯೇ ಪಾಕೀಟಿಗೆ ಹೋಗುತ್ತಿತ್ತು. "ತಡೀರಿ ಸ್ವಲ್ಪ" ಎಂದಳು ನಮ್ಮಾಕೆ. ಗ್ರೂಪು ತೆರೆದು ಮೇಲಕ್ಕೆ, ಮೇಲಕ್ಕೆ ಸರಿಸಿದಳು. ಫೋಟೋ ಸಿಕ್ಕಿತು. ನಿನ್ನೆಯ ತಾರೀಖು, 10 ಗಂಟೆ 52 ನಿಮಿಷ. ಹಿಂದೆ ಅವರದೇ ಗೇಟು, ಮೂಲೆಯಲ್ಲಿ ಅದೇ ಹುಡುಗನ ಅರ್ಧ ಮುಖ. ನಡುವೆ ಬಂಪರ್, ಬಂಪರಿನ ಮೇಲೆ ಸ್ಕೇಲ್ ಇಟ್ಟು ಎಳೆದ ಹಾಗೆ ಹಳದಿ ಗೀರು. ಹುಡುಗ ಎರಡು ಬೆರಳಿನಿಂದ ಫೋಟೋ ದೊಡ್ಡದು ಮಾಡಿದ, ಸಣ್ಣದು ಮಾಡಿದ, ಮತ್ತೆ ದೊಡ್ಡದು ಮಾಡಿದ.

"ಆತ್ ಬಿಡ್ರಿ. ಆದ್ರ ಅರಿಷಿಣ ಕಲೆ ಬಿದ್ದೈತಲ್ರಿ, ಕ್ಲೀನಿಂಗ್ ಚಾರ್ಜ್ 200 ಕೊಡ್ರಿ."

ಅತ್ತೆಯವರು ಅಲ್ಲಿಯ ತನಕ ಹಿಂದಿನ ಸೀಟಿನಿಂದ ಇಳಿದೇ ಇರಲಿಲ್ಲ. ಗಾಜು ಇಳಿಸಿದರು. "ತಮ್ಮಾ, ಒಂದ್ ಟೆಂಗಿನಕಾಯಿ, ನಾಕ್ ನಿಂಬಿಕಾಯಿ ನಿಮ್ಮ ಗಾಡಿಗೇ ಹಾಕೇನಿ. ಮೊದಲ ಅದರ ರೊಕ್ಕ ಕೊಡು, ಆಮ್ಯಾಗ ನಿನ್ನ ಲೆಕ್ಕ ಮಾಡೂಣು."

ಡಿಪಾಜಿಟ್ ಪೂರ್ತಿ ಬಂತು. ದುಡ್ಡು ಬಂದ ಮೆಸೇಜಿನ ಸದ್ದು ಕೇಳುವ ತನಕ ನಮ್ಮಾಕೆ ಕೀಲಿ ಕೊಡಲಿಲ್ಲ. "ಡ್ಯಾಮೇಜ್ ಇಲ್ಲ" ಅಂತ ವಾಟ್ಸಾಪಿನಲ್ಲಿ ಒಂದು ಸಾಲು ಬರೆಸಿಕೊಂಡಳು. ಆಮೇಲೆ ತಾಯಿ ಮಗಳು ಆಟೋ ಹತ್ತಿದರು.

ನಾನು ಸ್ಕೂಟರ್ ಹತ್ತಿರ ಬಂದೆ. ನಿನ್ನೆಯಿಂದ ಅವರ ಅಂಗಳದಲ್ಲೇ ನಿಂತಿತ್ತು. ಯಾರೋ ಜಾಗ ಮಾಡಿಕೊಳ್ಳಲು ಪಕ್ಕಕ್ಕೆ ಸರಿಸಿದ್ದರು. ಮುಂದಿನ ಮಡ್‌ಗಾರ್ಡಿನ ಮೇಲೆ ಒಂದು ಹೊಸ ಗೀರು, ಕೆಳಗಿನ ತಗಡು ಕಾಣುವಷ್ಟು ಆಳದ್ದು. ಬಗ್ಗಿ ನೋಡಿದೆ. ಹುಡುಗ ಬಾಗಿಲಿನಿಂದಲೇ ಕೇಳಿದ, "ಏನಾತ್ರಿ ಸರ?"

"ಏನಿಲ್ರಿ" ಎಂದು ಕಿಕ್ ಹೊಡೆದೆ.