ಮೊದಲು ಕಲಾ ಶಿಕ್ಷಕರಿಗೆ ಸಂಬಳ ಕೊಡಿ

ಶಾಲೆಗೆ ದುಡ್ಡು ಸಾಲದೆ ಬಂದಾಗ ಮೊದಲು ಕತ್ತರಿ ಬೀಳುವುದು ಸಂಗೀತ, ಚಿತ್ರಕಲೆ, ನಾಟಕದ ತರಗತಿಗಳಿಗೆ. ಗಣಿತದ ಮೇಷ್ಟ್ರು ಬೇಡ ಅಂತ ಯಾರೂ ಹೇಳುವುದಿಲ್ಲ. ಡ್ರಾಯಿಂಗ್ ಮೇಷ್ಟ್ರನ್ನೂ ಯಾರೂ ಕೆಲಸದಿಂದ ತೆಗೆಯಬೇಕಾಗಿಲ್ಲ. ಅವರು ನಿವೃತ್ತರಾದ ಮೇಲೆ ಹುದ್ದೆಯನ್ನು ಖಾಲಿ ಬಿಟ್ಟರೆ ಸಾಕು. ಪ್ರತಿಭಟನೆ ಇಲ್ಲ, ಸುದ್ದಿ ಇಲ್ಲ. ಹೀಗೆ ಸದ್ದಿಲ್ಲದೆ ನಡೆಯುತ್ತದೆ ಅನ್ನುವುದೇ ನನಗೆ ಹೆಚ್ಚು ಸಿಟ್ಟು ತರಿಸುವ ವಿಷಯ.

‘ಆಸಕ್ತಿ ಇದ್ದವರು ಹೊರಗೆ ಕ್ಲಾಸಿಗೆ ಸೇರಲಿ’ ಅನ್ನುತ್ತಾರೆ. ಫೀಸು ಕಟ್ಟಬಲ್ಲ ಮನೆಯ ಮಕ್ಕಳು ಸೇರುತ್ತಾರೆ, ಸರಿ. ಉಳಿದ ಮಕ್ಕಳು ತಮ್ಮಲ್ಲಿ ಲಯಜ್ಞಾನ ಇದೆ, ಕೈಯಲ್ಲಿ ರೇಖೆ ಇದೆ ಎಂಬುದೇ ತಿಳಿಯದೆ ದೊಡ್ಡವರಾಗಿಬಿಡುತ್ತಾರೆ. ಯಾರಾದರೂ ತೋರಿಸಿಕೊಡದೆ ಆಸಕ್ತಿ ಎಲ್ಲಿಂದ ಹುಟ್ಟಬೇಕು? ವಿಶ್ವಸಂಸ್ಥೆಯ 1989ರ ಮಕ್ಕಳ ಹಕ್ಕುಗಳ ಒಡಂಬಡಿಕೆಯ 31ನೇ ವಿಧಿ ಸಾಂಸ್ಕೃತಿಕ, ಕಲಾತ್ಮಕ ಬದುಕಿನಲ್ಲಿ ಪಾಲ್ಗೊಳ್ಳುವುದನ್ನು ಮಗುವಿನ ಹಕ್ಕು ಎಂದೇ ಕರೆದಿದೆ. ಹಕ್ಕು ಅಂದಮೇಲೆ ಅದಕ್ಕೆ ಸಾರ್ವಜನಿಕ ಹಣ ಬೇಕೇ ಬೇಕು.

ಆದರೆ ಅನುದಾನ ಬಂದರೆ ಸಾಲದು, ಅದು ಯಾವುದಕ್ಕೆ ಖರ್ಚಾಗುತ್ತದೆ ಅನ್ನುವುದೇ ಮುಖ್ಯ. ಒಂದು ದಿನದ ಕಾರ್ಯಾಗಾರ, ವಾರ್ಷಿಕೋತ್ಸವದ ವೇದಿಕೆ, ಫೋಟೋ, ಅಲ್ಲಿಗೆ ಮುಗಿಯಿತು. ಕಲೆ ಹಾಗೆ ಬರುವುದಿಲ್ಲ. ವಾರ ವಾರವೂ ಅದೇ ಶಿಕ್ಷಕರು ಬರಬೇಕು, ಹೋದ ವಾರ ಮಗು ಎಲ್ಲಿ ತಡವರಿಸಿತ್ತು ಅಂತ ಅವರಿಗೆ ನೆನಪಿರಬೇಕು. ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದ ಮತದಾರರು 2022ರಲ್ಲಿ ಮತ ಹಾಕಿ ಒಪ್ಪಿದ 28ನೇ ಪ್ರಸ್ತಾವನೆ ನನಗೆ ಇಷ್ಟವಾಗುವುದು ಇದೇ ಕಾರಣಕ್ಕೆ. ಅದರ ಪ್ರಕಾರ ಶಾಲೆಗಳಿಗೆ ಖಾತರಿಯಾಗಿ ಸಿಗುವ ಸರ್ಕಾರಿ ಹಣದ ಶೇ. 1ಕ್ಕೆ ಸಮನಾದ ಮೊತ್ತವನ್ನು ಕಲೆ, ಸಂಗೀತಕ್ಕೆಂದೇ ಹೆಚ್ಚುವರಿಯಾಗಿ ಕೊಡಬೇಕು. 500 ಅಥವಾ ಅದಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ಶಾಲಾ ಜಿಲ್ಲೆಗಳು (ಅಂದರೆ ಒಂದು ಪ್ರದೇಶದ ಸರ್ಕಾರಿ ಶಾಲೆಗಳನ್ನು ನಡೆಸುವ ಸ್ಥಳೀಯ ಆಡಳಿತಗಳು) ಅದರಲ್ಲಿ ಕನಿಷ್ಠ ಶೇ. 80ರಷ್ಟನ್ನು ಕಲಿಸುವ ಸಿಬ್ಬಂದಿಗೇ ಖರ್ಚು ಮಾಡಬೇಕು. ಈ ಹಣ ಬಂತೆಂದು ಹಳೆಯ ಖರ್ಚನ್ನು ಕಡಿತ ಮಾಡುವಂತಿಲ್ಲ. ಹಂಚಿಕೆಯ ಶೇ. 30 ಭಾಗ ಬಡ ಕುಟುಂಬದ ಮಕ್ಕಳ ಸಂಖ್ಯೆಯ ಮೇಲೆ ನಿಂತಿದೆ. ಕಾಗದದ ಮೇಲಿನ ಆಶಯಕ್ಕೂ ತರಗತಿಗೂ ನಡುವಿನ ದೂರವನ್ನು ಇಂಥ ಷರತ್ತುಗಳೇ ಕಡಿಮೆ ಮಾಡುವುದು.

ಕಲೆ ಕಲಿತರೆ ಬೇರೆ ವಿಷಯದಲ್ಲಿ ಅಂಕ ಏರುತ್ತದೆಯೇ ಅಂತ ಕೇಳುವವರಿಗೂ ಉತ್ತರ ಇದೆ. ಅಮೆರಿಕದ ಹ್ಯೂಸ್ಟನ್ ನಗರದ 42 ಶಾಲೆಗಳಲ್ಲಿ ಕೆಲವನ್ನು ಲಾಟರಿ ಮೂಲಕ ಆಯ್ಕೆ ಮಾಡಿ, ಅಲ್ಲಿ ಹೆಚ್ಚು ಕಲಾ ಶಿಕ್ಷಣ ಕೊಟ್ಟು ನಡೆಸಿದ ಅಧ್ಯಯನದಲ್ಲಿ ಬರವಣಿಗೆಯ ಅಂಕಗಳು ಏರಿದ್ದವು, ಶಿಸ್ತುಕ್ರಮದ ಪ್ರಕರಣಗಳು ಇಳಿದಿದ್ದವು, ಇತರರ ಬಗ್ಗೆ ಕನಿಕರ ಹೆಚ್ಚಿತ್ತು. ಸಂತೋಷ. ಆದರೂ ನನ್ನ ವಾದವನ್ನು ಅಂಕದ ಮೇಲೆ ನಿಲ್ಲಿಸಲು ಮನಸ್ಸಿಲ್ಲ. ಅಂಕ ಏರದಿದ್ದರೂ ಮಗು ಹಾಡಬೇಕು. ಚರಿತ್ರೆ ಓದಿದರೆ ಗಣಿತ ಸುಧಾರಿಸುತ್ತದೆಯೇ ಅಂತ ನಾವು ಕೇಳುತ್ತೇವೆಯೇ?

ನಿಮ್ಮ ಕಡೆಯ ಶಿಕ್ಷಣ ಬಜೆಟ್ಟನ್ನು ಒಮ್ಮೆ ತೆರೆದು ನೋಡಿ. ಕಲಾ ಶಿಕ್ಷಣಕ್ಕೆ ಪ್ರತ್ಯೇಕ ಮೊತ್ತ ಇದೆಯೇ, ಅದರಲ್ಲಿ ಖಾಯಂ ಶಿಕ್ಷಕರ ಸಂಬಳಕ್ಕೆ ಎಷ್ಟು, ಮಂಜೂರಾದ ಹುದ್ದೆಗಳಲ್ಲಿ ಖಾಲಿ ಇರುವುದು ಎಷ್ಟು? ಓಟು ಕೇಳಿಕೊಂಡು ಬಂದವರ ಮುಂದೆ ಈ ಮೂರು ಪ್ರಶ್ನೆಗಳನ್ನು ಇಡಿ.