ಟಣ್ ಮತ್ತು ಟಪ್

ನಮ್ಮ ಹಿತ್ತಲಿನ ಆಪೂಸ್ ಮಾವಿನ ಮರದ ದೊಡ್ಡ ಟೊಂಗೆಯೊಂದು ಅಡ್ಡಮಳೆಯ ಗಾಳಿಗೆ ಮುರಿದು, ಅರ್ಧ ನಮ್ಮ ಅಂಗಳದಲ್ಲಿಯೂ ಉಳಿದರ್ಧ ಪಕ್ಕದ ಮನೆಯ ಕಾಕಾ ಅವರ ಕಾಂಪೌಂಡಿನ ಗೋಡೆಯ ಮೇಲೆಯೂ ಬಿದ್ದು ಇಂದಿಗೆ 17 ದಿನಗಳಾದವು. ಅದು ಇನ್ನೂ ಅಲ್ಲಿಯೇ ಇದೆ. ಎಲೆಗಳೆಲ್ಲ ಒಣಗಿ, ಮುಂಜಾನೆ ಗಾಳಿ ಬೀಸಿದಾಗಲೆಲ್ಲ ಪರಪರ ಸದ್ದು ಮಾಡುತ್ತವೆ. ಆ ಸದ್ದಿಗೆ ಕಾಕಾ ಹೊರಗೆ ಬಂದು, "ಏನ್ರಿ, ಇವತ್ತರ ಕೊಯ್ತೀರೇನು?" ಎಂದು ಕೇಳುತ್ತಾರೆ. ಕೊಯ್ಯುವ ಯಂತ್ರ ನನ್ನಲ್ಲಿ ಇಲ್ಲವೆಂದಲ್ಲ. ಹೋದ ವರ್ಷವಷ್ಟೇ 58,000 ರೂಪಾಯಿ ಕೊಟ್ಟು ತಂದ ಚೈನ್‌ಸಾ ಪಡಸಾಲೆಯಲ್ಲಿಯೇ ಕುಳಿತಿದೆ. ಅದರ ಮೈಮೇಲೆ 'ಪ್ರೊಫೆಷನಲ್' ಎಂಬ ಚೀಟಿ ಅಂಟಿಸಿದ್ದಾರೆ. ಇಡೀ ಯಂತ್ರದಲ್ಲಿ ಈವರೆಗೆ ಕಿತ್ತು ಬರದೆ ಗಟ್ಟಿಯಾಗಿ ಉಳಿದಿರುವುದು ಆ ಚೀಟಿಯೊಂದೇ.

ಕಲಘಟಗಿ ರಸ್ತೆಯಲ್ಲಿ ನಮ್ಮದೊಂದು ನಾಲ್ಕೆಕರೆ ಮಾವಿನ ತೋಟವಿದೆ, ಅದರ ಬದುವಿನುದ್ದಕ್ಕೂ ಅಪ್ಪ ನೆಟ್ಟ ನೀಲಗಿರಿ ಇದೆ. ಆದ್ದರಿಂದ ಧಾರವಾಡದ ನಿವೃತ್ತ ಮಾಸ್ತರನಿಗೆ ಇಂಥ ಯಂತ್ರವೇಕೆ ಎಂದು ಯಾರೂ ಕೇಳಬೇಕಾಗಿಲ್ಲ. ಬಾಡಿಗೆಗೆ ಯಾರನ್ನಾದರೂ ಕರೆಯಬಾರದೇ ಎಂದು ಮನೆಯವಳು ಮೂರು ಸಲ ಕೇಳಿದಳು. ಅಷ್ಟು ಬೆಲೆಯ ಯಂತ್ರವನ್ನು ಪಡಸಾಲೆಯಲ್ಲಿ ಕೂಡಿಸಿಕೊಂಡು ಬಾಡಿಗೆಯವರನ್ನು ಕರೆದರೆ ಕಾಕಾ ಅವರ ಮುಂದೆ ನನ್ನ ಮುಖವೆಲ್ಲಿ ಉಳಿಯುತ್ತದೆ?

ಟೊಂಗೆ ಬಿದ್ದ ಮರುದಿನ ಮುಂಜಾನೆ ನಾನು ಲೀಟರಿಗೆ 20 ಮಿಲಿಯ ಲೆಕ್ಕದಲ್ಲಿ ಪೆಟ್ರೋಲಿಗೆ ಟೂ-ಸ್ಟ್ರೋಕ್ ಆಯಿಲ್ ಬೆರೆಸಿ ತುಂಬಿ, ಇನ್ನೊಂದು ಟಾಕಿಗೆ ಚೈನ್ ಆಯಿಲ್ ಸುರಿದು ಮುಚ್ಚಳ ಹಾಕಿದೆ. ಹಳೆಯ ಯಂತ್ರದ ಮುಚ್ಚಳವನ್ನು ಗಟ್ಟಿಯಾಗಿ ತಿರುವಿದರೆ ಕೆಲಸ ಮುಗಿಯುತ್ತಿತ್ತು. ಹೊಸದರ ಮುಚ್ಚಳಕ್ಕೆ ಒಂದು ಕಿವಿ ಇದೆ. ಆ ಕಿವಿಯನ್ನು ಎತ್ತಿ, ಎರಡು ಗುರುತುಗಳನ್ನು ಎದುರುಬದುರು ತಂದು, ಕಾಲು ಸುತ್ತು ತಿರುವಿ, ಮತ್ತೆ ಕಿವಿಯನ್ನು ಮಡಚಬೇಕು. ಇಷ್ಟೆಲ್ಲ ಮಾಡಿದ ಮೇಲೆ ಅದು 'ಕಟ್' ಎಂದು ಸದ್ದು ಮಾಡಿ, ಮುಚ್ಚಿಕೊಂಡಿರುವಂತೆ ನಟಿಸುತ್ತದೆ. ನಾನು ನಂಬಿ ಯಂತ್ರವನ್ನು ಎತ್ತಿದೆ. ವೇಗವಾಗಿ ತಿರುಗುವ ಸರಪಳಿಯಿಂದ ಸಿಡಿದು ಹೋಗಬಾರದೆಂದು ಚೈನ್ ಆಯಿಲ್‌ಗೆ ಅಂಟುಗುಣ ಬರುವಂತೆ ಏನನ್ನೋ ಸೇರಿಸಿರುತ್ತಾರೆ. ಅದು ಸರಪಳಿಗೆ ಎಷ್ಟು ಅಂಟುತ್ತದೆಯೋ ನಾನರಿಯೆ, ಧೋತರಕ್ಕೆ ಅಂಟಿದ ಬಗೆಯನ್ನು ಮಾತ್ರ ನಮ್ಮ ಮನೆಯ ಬಟ್ಟೆ ಒಗೆಯುವ ಕಲ್ಲು ಇಂದಿಗೂ ಹೇಳುತ್ತದೆ.

ಧೋತರ ಬದಲಿಸಿ ಬಂದು, ಕಾಕಾ ಅವರು ಗಟ್ಟಿಯಾಗಿ ಎಣಿಸುತ್ತಿದ್ದ ಹದಿನಾಲ್ಕನೆಯ ಹಗ್ಗದೆಳೆತಕ್ಕೆ ಯಂತ್ರವನ್ನು ಚಾಲೂ ಮಾಡಿದೆ. ಎರಡು ನಿಮಿಷ ಕೊಯ್ದಿರಬೇಕು, ಹೊಗೆ ಬಂತು. ನಿಲ್ಲಿಸಿ ನೋಡಿದರೆ ಸರಪಳಿ ಒಣಗಿ, ಅದು ಓಡುವ 18 ಇಂಚಿನ ಪಟ್ಟಿ ನೀಲಿಗಟ್ಟಿತ್ತು. ಸರಪಳಿಗೆ ಎಣ್ಣೆ ಒದಗಿಸುವ ಪಂಪನ್ನು ತಿರುಗಿಸುವ ಹಲ್ಲಿನ ಪುಟ್ಟ ಚಕ್ರ ಕರಗಿಹೋಗಿದೆಯೆಂದು ಷೋರೂಮಿನಲ್ಲಿ ಬಿಚ್ಚಿದಾಗ ತಿಳಿಯಿತು. ಅದು ಪ್ಲಾಸ್ಟಿಕ್ಕಿನದು, ಅದರ ಜಾಗ ಕಾದು ಕೆಂಡವಾಗುವ ಕ್ಲಚ್ಚಿನ ಬಗಲಿಗೆ. ಬೆಂಕಿಯ ಮುಂದೆ ಬೆಣ್ಣೆ ಇಟ್ಟವರು ಯಾರೆಂದು ಕೇಳಬೇಕೆಂದಿದ್ದೆ, ಅಷ್ಟರಲ್ಲಿ ಕೌಂಟರಿನ ಹುಡುಗ, "ಸರ್, ಅದೊಂದೇ ಬರಂಗಿಲ್ಲರಿ, ಸೆಟ್ಟ ಬರ್ತೈತಿ. ಬೆಂಗಳೂರಿಂದ ಬರಬೇಕು, ಹದಿನೈದು ದಿನ" ಎಂದ.

ತಾಳ್ಮೆಗೆಟ್ಟು ಯಂತ್ರವನ್ನು ಸ್ಕೂಟರಿಗೆ ಕಟ್ಟಿಕೊಂಡು ಹಳೇ ಹುಬ್ಬಳ್ಳಿಯ ಗಲ್ಲಿಯಲ್ಲಿರುವ, ಅಪ್ಪನ ಕಾಲದಿಂದಲೂ ಪರಿಚಿತನಾದ ಮಿಸ್ತ್ರಿಯ ಬಳಿ ಹೋದೆ. ಈ ಮಿಸ್ತ್ರಿಗೆ ಒಂದು ಚಟವಿದೆ. ಸಂತೆಯಲ್ಲಿ ಹೆಂಗಸರು ಗಡಿಗೆ ಕೊಳ್ಳುವಾಗ ಬೆರಳ ಗೆಣ್ಣಿನಿಂದ ಬಡಿದು ನೋಡುತ್ತಾರಲ್ಲ, ಹಾಗೆಯೇ ಆತ ಯಾವ ಯಂತ್ರ ಬಂದರೂ ಬಿಚ್ಚುವ ಮೊದಲು ಬಡಿದು, ಕಿವಿಗೊಟ್ಟು ಕೇಳುತ್ತಾನೆ. ನನ್ನ ಚೈನ್‌ಸಾದ ಮೇಲಿನ ಕವಚವನ್ನು ಬಡಿದ. ಟಪ್. ರೋಗಿಯ ಮನೆಯವರನ್ನು ಡಾಕ್ಟರರು ನೋಡುವಂತೆ ನನ್ನ ಮುಖ ನೋಡಿದ. ಹಗ್ಗದ ಕವಚ: ಟಪ್. ಹಿಡಿಕೆ: ಟಪ್. ಎಂಜಿನ್ನಿನ ಹೊಟ್ಟೆಯ ಭಾಗಕ್ಕೆ ಬಂದಾಗ ಸಣ್ಣದೊಂದು 'ಟಣ್' ಬಂತು. ಇಬ್ಬರಿಗೂ ಜೀವ ಬಂದಂತಾಯಿತು. "ಹೊಟ್ಟಿ ಅಷ್ಟ ಲೋಹ ಐತ್ರಿ ಸರ. ಮುಂಚೆ ಇಂಥಾ ಮಶೀನಂದ್ರ ಮೈಯೆಲ್ಲಾ ಮ್ಯಾಗ್ನೀಸಿಯಂ ಇರತಿತ್ತು" ಎಂದ. ಆಮೇಲೆ ಮಾತಿನ ಓಘದಲ್ಲಿ ನನ್ನ ಸ್ಕೂಟರಿನ ಮಡಗಾರ್ಡು, ನಾನು ಕುಳಿತಿದ್ದ ಕುರ್ಚಿ, ಕೊನೆಗೆ ತಲೆಯ ಮೇಲಿದ್ದಂತೆಯೇ ನನ್ನ ಹೆಲ್ಮೆಟ್ಟು, ಎಲ್ಲವನ್ನೂ ಬಡಿದು ಟಪ್ ಎನಿಸಿದ. ಕಾರ್ಬುರೇಟರಿನ ಬಗ್ಗೆ ಕೇಳಿದರೆ ಆತನ ಕಣ್ಣಲ್ಲಿ ನೀರೇ ಬಂದಿತೆನ್ನಬೇಕು. ಹಿಂದೆ ಅದಕ್ಕೆ ಎರಡು ಸ್ಕ್ರೂ ಇರುತ್ತಿದ್ದವು. ಆತ ಶಬ್ದ ಕೇಳುತ್ತಲೇ ಕಾಲು ಸುತ್ತು ತಿರುವಿ ಸರಿಪಡಿಸುತ್ತಿದ್ದ. ಈಗ ಹೊಗೆಯ ನಿಯಮಗಳಿಗಾಗಿ ಪೆಟ್ರೋಲು ಗಾಳಿಗಳ ಪ್ರಮಾಣವನ್ನು ಒಳಗಿನ ಚಿಪ್ಪೇ ನಿರ್ಧರಿಸುತ್ತದೆ, ಮತ್ತು ಆ ಚಿಪ್ಪು ಲ್ಯಾಪ್‌ಟಾಪಿನ ಹೊರತು ಇನ್ನಾರೊಡನೆಯೂ ಮಾತನಾಡುವುದಿಲ್ಲ. "ಸರ್ರ, ಇದು ಕೆಟ್ಟಿಲ್ಲರಿ. ಇದು ಇನ್ನೂ ಆಗೇ ಇಲ್ಲ" ಎಂದು ತೀರ್ಪು ಕೊಟ್ಟು, ಪೆಟ್ರೋಲಿಗೆ ಶೇ. 20 ಎಥನಾಲ್ ಸೇರಿಸಿದವರಿಗೂ ನಾಲ್ಕು ಮಾತು ಬೈದು ನನ್ನನ್ನು ಕಳಿಸಿದ.

ಆತ ನನ್ನಿಂದ ಹಣ ತೆಗೆದುಕೊಳ್ಳಲಿಲ್ಲ, ಆದರೆ ಚಟವನ್ನು ಕೊಟ್ಟು ಕಳಿಸಿದ. ಮನೆಯಲ್ಲಿ ನಾನು ಕುಕ್ಕರು, ನೀರಿನ ಟಾಕಿ, ಟಿವಿ ಎಲ್ಲವನ್ನೂ ಬಡಿಯತೊಡಗಿದೆ. ಇಲ್ಲಿಗೇ ನಿಂತಿದ್ದರೆ ಚಿಂತೆಯಿರಲಿಲ್ಲ. ಅದೇ ವಾರ ಗದಗಿನಲ್ಲಿ ಬೀಗರ ಹೊಸ ಮನೆಯ ಗೃಹಪ್ರವೇಶವಿತ್ತು. ತಲಬಾಗಿಲಿಗೆ ದಾಂಡೇಲಿಯ ಅಸಲಿ ಸಾಗವಾನಿಯನ್ನೇ ಹಾಕಿಸಿದ್ದೇವೆಂದು ಬೀಗರು ಆರು ತಿಂಗಳಿನಿಂದ ಫೋನಿನಲ್ಲಿ ಹೇಳುತ್ತಿದ್ದರು. ಆ ಬಾಗಿಲ ಮುಂದೆ ಹತ್ತಾರು ಜನ ನಿಂತಿದ್ದರು, ಬೀಗರು ಅದರ ಕೆತ್ತನೆಯನ್ನು ವರ್ಣಿಸುತ್ತಿದ್ದರು. ನನ್ನ ಕೈ ನನ್ನನ್ನು ಕೇಳದೆಯೇ ಎದ್ದು, ಗೆಣ್ಣಿನಿಂದ ಎರಡು ಸಲ ಬಡಿಯಿತು. ಟಪ್ ಟಪ್. ಒಳಗೆ ಟೊಳ್ಳು, ಮೇಲೆ ಸಾಗವಾನಿಯ ತೆಳುವಾದ ಪದರು. ಸದ್ದು ಎಷ್ಟು ಸ್ಪಷ್ಟವಾಗಿತ್ತೆಂದರೆ ಮಂತ್ರ ಹೇಳುತ್ತಿದ್ದ ಅಯ್ಯನವರೂ ಒಂದು ಕ್ಷಣ ನಿಲ್ಲಿಸಿದರು. ಏನಾದರೂ ಹೇಳಲೇಬೇಕೆಂದು, "ಒಳಗ ಬರಬಹುದೇನ್ರಿ ಬೀಗರ?" ಎಂದು ನಕ್ಕೆ. ಬಾಗಿಲು ಪೂರ್ತಿ ತೆರೆದಿತ್ತು, ನನ್ನ ಒಂದು ಕಾಲು ಆಗಲೇ ಹೊಸ್ತಿಲ ಆಚೆಗಿತ್ತು. ಬೀಗರು, "ಬರ್ರಿ" ಎಂದರು. ಆ 'ಬರ್ರಿ'ಯೂ ಟಪ್ ಎಂದಿತು. ಧಾರವಾಡ ಮುಟ್ಟುವವರೆಗೂ ಬಸ್ಸಿನಲ್ಲಿ ಮನೆಯವಳು ಒಂದು ಮಾತೂ ಆಡಲಿಲ್ಲ.

ಸರಪಳಿಯ ಬಗ್ಗೆ ನನ್ನ ತಕರಾರಿಲ್ಲ. 1946ರ ಸುಮಾರಿಗೆ ಅಮೆರಿಕದ ಆರೆಗಾನ್‌ನಲ್ಲಿ ಜೋಸೆಫ್ ಕಾಕ್ಸ್ ಎಂಬ ಮರ ಕಡಿಯುವವನು, ಮರ ಕೊರೆಯುವ ಹುಳು ತನ್ನ ದವಡೆಯಿಂದ ಎಡಕ್ಕೂ ಬಲಕ್ಕೂ ತಿಂದುಕೊಂಡು ಹೋಗುವುದನ್ನು ನೋಡಿ ರೂಪಿಸಿದ ಹಲ್ಲು ಇಂದಿಗೂ ಹಾಗೆಯೇ ಕೊಯ್ಯುತ್ತದೆ. ಹೊಸ ಯಂತ್ರ ಹಗುರವೆಂಬುದನ್ನೂ, ಪೆಟ್ರೋಲು ಕಡಿಮೆ ಕುಡಿಯುತ್ತದೆಂಬುದನ್ನೂ, ಕೈಗೆ ನಡುಕ ಹತ್ತಿಸುವುದಿಲ್ಲವೆಂಬುದನ್ನೂ ಒಪ್ಪಲೇಬೇಕು. ಅಪ್ಪನ ಯಂತ್ರ ಹಾಗಿರಲಿಲ್ಲ. 1994ರಲ್ಲಿ ಅಳ್ನಾವರದ ಕಟ್ಟಿಗೆ ಗುತ್ತಿಗೆದಾರರೊಬ್ಬರಿಂದ ಅಪ್ಪ ಅದನ್ನು ಸೆಕೆಂಡ್‌ಹ್ಯಾಂಡ್ ಕೊಂಡಿದ್ದರು. ಅದರಿಂದ ಒಂದು ತಾಸು ಕೊಯ್ದ ದಿನ ಅವರ ಬೆರಳುಗಳು ಜೋಮು ಹಿಡಿದು, ಸಂಜೆ ಚಹಾದ ಬಸಿ ಕಟಕಟ ಎನ್ನುತ್ತಿತ್ತು. ಅವ್ವ ಏನೂ ಹೇಳದೆ ಬಸಿ ತೆಗೆದು ದೊಡ್ಡ ಲೋಟ ಇಡುತ್ತಿದ್ದಳು. ಅಪ್ಪ ಹೋದ ಮೇಲೂ ಅದು ಮೂರನೆಯ ಎಳೆತಕ್ಕೆ ಚಾಲೂ ಆಗುತ್ತಿತ್ತು. ಹಿಡಿಕೆಯಲ್ಲಿ ಅವರ ಹೆಬ್ಬೆರಳು ಕೂಡುತ್ತಿದ್ದ ಜಾಗ ಸವೆದು ನುಣುಪಾಗಿತ್ತು. ಹೊಸದನ್ನು ಕೊಳ್ಳುವಾಗ ಎಕ್ಸ್‌ಚೇಂಜಿನಲ್ಲಿ ಅದಕ್ಕೆ 3,000 ರೂಪಾಯಿ ಮುರಿದುಕೊಂಡರು. ನಾನು ಲಾಭವಾಯಿತೆಂದು ತಿಳಿದು, ಅವರಿಗೆಲ್ಲ ಪೇಢೆ ಬೇರೆ ಕೊಟ್ಟು ಬಂದೆ. ಮಿಸ್ತ್ರಿಗೆ ಈ ಸಂಗತಿಯನ್ನು ನಾನಿನ್ನೂ ಹೇಳಿಲ್ಲ.

ನಿನ್ನೆ ಬೆಂಗಳೂರಿನಿಂದ ಬಂದ ಸೆಟ್ಟನ್ನು ಷೋರೂಮಿನವರು ಕೂಡಿಸಿ ಕೊಟ್ಟರು. ಚಕ್ರ ಈ ಸಲವೂ ಪ್ಲಾಸ್ಟಿಕ್ಕಿನದೇ, ಬಣ್ಣ ಮಾತ್ರ ಬೇರೆ. ಟೊಂಗೆಯ ಕೆಲಸವನ್ನು ಇಂದು ಮುಗಿಸಿಬಿಡಬೇಕೆಂದು ಪೆಟ್ರೋಲು ಬೆರೆಸುತ್ತಿದ್ದಾಗ, ಮುನ್ಸೂಚನೆಯಿಲ್ಲದೆ ಬೀಗರು ಬಂದರು. ಪಡಸಾಲೆಯಲ್ಲಿ ಕುಳಿತರು, ನೀರು ಬೆಲ್ಲ ತೆಗೆದುಕೊಂಡರು, ಮಳೆಯ ಬಗ್ಗೆ ಮಾತನಾಡಿದರು. ನಂತರ ಅವರ ಕಣ್ಣು ಯಂತ್ರದ ಮೇಲೆ ಬಿತ್ತು. ಬೆಲೆ ಕೇಳಿದರು, ಹೇಳಿದೆ. ಅವರು ನಿಧಾನವಾಗಿ ಎದ್ದು ಬಂದು, ಬಗ್ಗಿ, 'ಪ್ರೊಫೆಷನಲ್' ಎಂಬ ಚೀಟಿಯ ಮೇಲೆಯೇ ಬೆರಳ ಗೆಣ್ಣಿನಿಂದ ಎರಡು ಸಲ ಬಡಿದು, ಮರಳಿ ಹೋಗಿ ಕುಳಿತು ಚಹಾ ಕುಡಿದರು.